ಕಥೆ ಹೇಳ್ಲಿಕ್ಕೂ ದುಡ್ಡಾ ಅಕ್ಕ?

ಕಳೆದ ವಾರ ಫೋನಿನಲ್ಲಿ ಹೀಗೆ ಕೇಳಿದ್ದು ಯಾವುದೋ ಖಾಸಗಿ ಶಾಲೆಯ ಮ್ಯಾನೇಜರ್ ಅಂದುಕೊಳ್ಳಬೇಡಿ. ನಮ್ಮದೇ ಹುಡುಗ. ಡಿ.ಸಿ. ಮನ್ನಾ ಭೂಮಿ ಕೊಡಿ ಅಂತ ತಾಲೂಕು ಕಚೇರಿ ಎದುರು ನನ್ನ ಪಕ್ಕದಲ್ಲೇ ಬಿಸಿಲಿಗೆ ಕೂತವನು. ಬರುವ ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಜಯಂತಿ, ಬೆಳಗ್ಗೆ ಮಕ್ಕಳಿಗೆ ಅಂತ ಒಂದು ಕಾರ್ಯಕ್ರಮ ಇಟ್ಟಿದ್ದಾರೆ, ಒಂದು ಗಂಟೆ ಕಥೆ ಹೇಳಬೇಕು ಅಂತ ಕರೆದ. ಬರ್ತೇನೆ, ಎರಡು ಸಾವಿರ ಆಗ್ತದೆ, ಬಸ್ಸಿನ ಖರ್ಚು ಬೇರೆ ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಈ ಪ್ರಶ್ನೆ. ಕೋಪದಲ್ಲಿ ಕೇಳಿದ್ದಲ್ಲ ಪಾಪ, ನಿಜಕ್ಕೂ ಆಶ್ಚರ್ಯ ಆಗಿ ಕೇಳಿದ್ದು.

ನನಗೆ ಆಗ ಉತ್ತರ ಬರಲಿಲ್ಲ. “ಆಮೇಲೆ ಮಾತಾಡುವ ಮಗಾ” ಅಂತ ಫೋನ್ ಇಟ್ಟೆ. ಉತ್ತರ ಸ್ವಲ್ಪ ಉದ್ದ ಉಂಟು. ಹಾಗಾಗಿ ಇಲ್ಲಿ ಬರೀತಾ ಇದ್ದೇನೆ. ಅವನೂ ಓದ್ತಾನೆ. ಅವನ ಹಾಗೆ ಕೇಳಬೇಕು ಅಂತ ಮನಸ್ಸಿದ್ದು ಕೇಳದೆ ಇದ್ದವರೂ ಓದ್ತಾರೆ.

ನಾನು ಅಂಗನವಾಡಿ ಟೀಚರ್ ಆಗಿದ್ದವಳು ಅಂತ ನಿಮ್ಮಲ್ಲಿ ತುಂಬ ಜನಕ್ಕೆ ಗೊತ್ತು. 1989ರಲ್ಲಿ ಸೇರಿದೆ, 60 ತುಂಬಿ 2023ರಲ್ಲಿ ಬಿಟ್ಟೆ. 34 ವರ್ಷ. ಅಷ್ಟೂ ವರ್ಷ ತಿಂಗಳಿಗೊಮ್ಮೆ ಕೈಗೆ ಬಂದದ್ದಕ್ಕೆ ಸಂಬಳ ಅಂತ ಹೆಸರಿರಲಿಲ್ಲ. ಗೌರವಧನ. 1975ರ ಅಕ್ಟೋಬರ್ 2ಕ್ಕೆ ಈ ಯೋಜನೆ ದೇಶದಲ್ಲಿ ಶುರುವಾಯ್ತು, ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಅಂದಿನಿಂದ ನಮಗೆ ಅದೇ ಶಬ್ದ. ಯಾಕೆಂದರೆ ನಾವು ಮಾಡುವುದು ಕೆಲಸ ಅಲ್ಲವಂತೆ, ಸೇವೆಯಂತೆ. ತೂಕ ಮಾಡು, ಅಡುಗೆ ನೋಡಿಕೊ, ರಿಜಿಸ್ಟರ್ ಬರಿ, ಬಾಣಂತಿ ಮನೆಗೆ ಹೋಗು, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದುಕೊಂಡು ಓಡು. ಇದೆಲ್ಲ ಸೇವೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರಿಗೂ 1972ರ ಗ್ರಾಚುಯಿಟಿ ಕಾಯ್ದೆ ಅನ್ವಯ ಆಗ್ತದೆ ಅಂತ ತೀರ್ಪು ಕೊಟ್ಟಿತು. ಕೇಸು ಹೂಡಿದ್ದು ಗುಜರಾತಿನ ಹೆಂಗಸರು. ಆ ದಿನ ಪೇಪರಿನ ತುಂಡು ಕತ್ತರಿಸಿ ಇಟ್ಟುಕೊಂಡೆ, ಈಗಲೂ ಉಂಟು. ನಮ್ಮ ಕೆಲಸವನ್ನು ಕೆಲಸ ಅಂತ ಒಪ್ಪಿಸ್ಲಿಕ್ಕೆ ದೇಶದ ದೊಡ್ಡ ಕೋರ್ಟಿನವರೆಗೆ ಹೋಗಬೇಕಾಯ್ತು ನೋಡಿ.

ಬೀಳ್ಕೊಡುಗೆಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೋ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಚೀಲ ಹಿಡಿದುಕೊಂಡು ಜಾಲಿಗೆ ಇಳಿದೆ. ಗೇಟಿನ ಹತ್ತಿರ ಹೋದ ಮೇಲೆ ನೆನಪಾಯ್ತು, ಬೀಗದ ಕೈ ನಿನ್ನೆಯೇ ಕೊಟ್ಟಾಗಿದೆ. ಹಿಂದೆ ಬಂದು ಚಾ ಮಾಡಿ ಕುಡಿದೆ. ಒಂದು ವಾರ ಹಾಗೇ ಆಯ್ತು.

ಆಮೇಲೆ ಪಂಚಾಯತಿನ ಅರಿವು ಕೇಂದ್ರದ ಮೇಲ್ವಿಚಾರಕಿ, ನನ್ನ ಹತ್ತಿರವೇ ಅಂಗನವಾಡಿಗೆ ಬಂದ ಹುಡುಗಿ, “ಟೀಚರೇ, ಶನಿವಾರ ಮಕ್ಕಳು ಬರ್ತಾರೆ, ಒಂದು ಕಥೆ ಹೇಳಿ” ಅಂತ ಕರೆದಳು. ಹೋದೆ. ಹನ್ನೆರಡು ಮಕ್ಕಳಿದ್ದರು. ಮುಂದಿನ ಶನಿವಾರ ಮೂವತ್ತು. ಅಲ್ಲಿಗೆ ಬಂದ ಒಬ್ಬ ಮೇಷ್ಟ್ರು ತಮ್ಮ ಶಾಲೆಗೆ ಕರೆದರು. ಅಲ್ಲಿಂದ ಬೇಸಿಗೆ ಶಿಬಿರ. ಅಲ್ಲಿಂದ ಸುಳ್ಯ, ಪುತ್ತೂರು. ಈಗ ತಿಂಗಳಿಗೆ ನಾಲ್ಕೈದು ಕಡೆ ಹೋಗ್ತೇನೆ. ಒಂದು ಸಣ್ಣ ಡೈರಿ ಉಂಟು, ಯಾವ ಊರಿನಲ್ಲಿ ಯಾವ ಕಥೆ ಹೇಳಿದೆ, ಮಕ್ಕಳು ಎಲ್ಲಿ ನಕ್ಕರು, ಎಲ್ಲಿ ಎದ್ದು ಹೋದರು ಅಂತ ಬರೆದಿಡ್ತೇನೆ. ಮೊದಲ ಒಂದು ವರ್ಷ ಡೈರಿಯ ಕೊನೆಯ ಪುಟದಲ್ಲಿ ಇನ್ನೊಂದು ಲೆಕ್ಕ ಇತ್ತು: ಶಾಲು 14, ಹಣ್ಣಿನ ಬುಟ್ಟಿ 6, ನೆನಪಿನ ಕಾಣಿಕೆ 9, ದುಡ್ಡು ಎರಡೇ ಸಲ. ಬಸ್ಸು, ಆಟೋ ಎಲ್ಲ ನನ್ನದೇ.

ಈ ಲೆಕ್ಕ ಬರೆಯುವಾಗಲೇ ನನಗೆ ಅಪ್ಪೆಯ ನೆನಪು ಬಂದದ್ದು.

ಅಪ್ಪೆ ಏಣೆಲು ಬೇಸಾಯದಲ್ಲಿ ನೇಜಿ ನೆಡ್ಲಿಕ್ಕೆ ಹೋಗುವವಳು. ಕುಮಾರಧಾರಾ ಬದಿಯ ಊರು ನಮ್ಮದು, ಆಗ ಕಡಬ ಬೇರೆ ತಾಲೂಕು ಆಗಿರಲಿಲ್ಲ, ಎಲ್ಲ ಪುತ್ತೂರೇ. ಮಳೆ ಹೊಡೀತಾ ಇರ್ತದೆ, ಬೆನ್ನಿಗೆ ಕೊರಂಬು, ಇಪ್ಪತ್ತು ಇಪ್ಪತ್ತೈದು ಹೆಂಗಸರು ಸಾಲಾಗಿ ಬಗ್ಗಿರ್ತಾರೆ. ಅಪ್ಪೆ ಪಾಡ್ದನದ ಒಂದು ಸಾಲು ಎತ್ತಿ ಕೊಡುವುದು, ಉಳಿದವರು ಹಿಂದಿನಿಂದ ಹೇಳುವುದು. ಸಿರಿಯ ಕಥೆ, ಕಲ್ಕುಡ ಕಲ್ಲುರ್ಟಿಯ ಕಥೆ, ನಮ್ಮ ಮುಗೇರ್ಲು ತನ್ನಿಮಾನಿಗನ ಕಥೆ. ಒಂದು ಗದ್ದೆ ಮುಗಿಯುವಾಗ ಕಥೆ ಅರ್ಧ ಆಗಿದ್ದರೆ ಇನ್ನೊಂದು ಗದ್ದೆಯಲ್ಲಿ ಮುಂದುವರಿತದೆ. ಅಪ್ಪೆ ಹಾಡಿದರೆ ಕೈ ಬೇಗ ಬೇಗ ಹೋಗ್ತದೆ ಅಂತ ಧಣಿಗಳಿಗೂ ಗೊತ್ತಿತ್ತು. ಕಟ್ಟಹುಣಿಯ ಮೇಲೆ ಕೊಡೆ ಹಿಡಿದು ನಿಂತು “ಎಂತ, ಇವತ್ತು ಸ್ವರ ಇಲ್ವಾ?” ಅಂತ ಕೇಳುವರು. ಎರಡು ದಿನದ ಕೆಲಸ ಒಂದೂವರೆ ದಿನಕ್ಕೆ ಆಗ್ತಿತ್ತು.

ಸಂಜೆ ಅಕ್ಕಿ ಅಳೆಯುವಾಗ ಹಾಡಿದವಳಿಗೂ ಅಷ್ಟೇ ಸೇರು, ಹಾಡದವಳಿಗೂ ಅಷ್ಟೇ ಸೇರು. ಅಪ್ಪೆಗೆ ಅದರ ಬಗ್ಗೆ ಬೇಸರ ಇದ್ದದ್ದು ನನಗೆ ಗೊತ್ತಿಲ್ಲ. ಕಥೆಗೆ ಬೆಲೆ ಉಂಟು ಅಂತ ಅವಳಿಗೆ ಯಾರಾದರೂ ಹೇಳಿದ್ದರೆ ತಾನೇ? ಆದರೆ ಬೆಲೆ ಇತ್ತು. ಆ ಉಳಿದ ಅರ್ಧ ದಿನದ ಕೂಲಿ ಯಾರ ಪತ್ತಾಯದಲ್ಲಿ ಉಳಿಯಿತು ಅಂತ ಲೆಕ್ಕ ಹಾಕಿದರೆ ಸಾಕು.

ಇನ್ನೊಂದು ವಿಷಯ ಬರೆಯಲೇಬೇಕು, ಇಲ್ಲದಿದ್ದರೆ ಇದು ಸುಳ್ಳು ಬರವಣಿಗೆ ಆಗ್ತದೆ. ಹೈಸ್ಕೂಲಿಗೆ ಹೋಗುವಾಗ ನನಗೆ ಆ ಹಾಡು ನಾಚಿಕೆ. ಶಾಲೆಗೆ ಹೋಗುವ ದಾರಿ ಬದಿಯಲ್ಲೇ ಗದ್ದೆ. ಜೊತೆಯ ಹುಡುಗಿಯರು “ಅದು ನಿನ್ನ ಅಮ್ಮ ಅಲ್ವಾ?” ಅಂತ ಕೇಳಿ ನಗುವರು. ಒಂದು ದಿನ ಮನೆಗೆ ಬಂದು ಅತ್ತೆ, ದಾರಿ ಬದಿಯ ಗದ್ದೆಯಲ್ಲಿ ನೀನು ಹಾಡಬೇಡ ಅಂದೆ. ಅಪ್ಪೆ ಎಂತದೂ ಹೇಳಲಿಲ್ಲ. ಆಮೇಲೆ ಆ ಗದ್ದೆಗೆ ಬಂದಾಗ ಬೇರೆಯವರು ಎತ್ತಿ ಕೊಡುವರು, ಅಪ್ಪೆ ಹಿಂದಿನಿಂದ ಹೇಳುವಳು. 2001ರಲ್ಲಿ ಅಪ್ಪೆ ತೀರಿಕೊಂಡಳು. ಆಗ ನಾನು 12 ವರ್ಷದಿಂದ ದಿನಾ ಮಕ್ಕಳಿಗೆ ಕಥೆ ಹೇಳ್ತಾ ಇದ್ದೆ. ಬೆಕ್ಕಿನ ಕಥೆ, ಕಾಗೆಯ ಕಥೆ, ತರಬೇತಿಯಲ್ಲಿ ಕಲಿಸಿದ ಕಥೆ. ಅಪ್ಪೆಯ ಒಂದು ಕಥೆಯನ್ನೂ ಪೂರ್ತಿ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಒಂದು ಮೈಲು ದೂರದಲ್ಲಿ ಇದ್ದಳು.

ಈಗ ನನ್ನ ಹತ್ತಿರ ಇರುವುದು ತುಂಡುಗಳು. ಸಿರಿ ಪಾಡ್ದನದ ಶುರು, ಕಲ್ಲುರ್ಟಿಯ ಕಥೆಯ ನಡು, ತನ್ನಿಮಾನಿಗನ ಕಥೆಯ ಎರಡು ಮೂರು ಕಡೆ. ಆ ಗದ್ದೆಗಳೂ ಇಲ್ಲ, ಒಂದರಲ್ಲಿ ಅಡಿಕೆ, ಒಂದರಲ್ಲಿ ರಬ್ಬರ್. ನೇಜಿ ಇಲ್ಲದ ಮೇಲೆ ನೇಜಿಯ ಹಾಡನ್ನು ಯಾರ ಬಾಯಿಂದ ಕೇಳುವುದು? ನಿವೃತ್ತಿಯಾದ ಮೇಲೆ ಪುತ್ತೂರಿಗೆ ಹೋಗಿ ಬಂದು ಮಾಡಿ ಪುಸ್ತಕ ಹುಡುಕಿದೆ. ಎ.ವಿ. ನಾವಡರು ಸಂಪಾದಿಸಿದ ಗಿಡಿಗೆರೆ ರಾಮಕ್ಕ ಮುಗ್ಗೇರ್ತಿಯವರ ಸಿರಿ ಪಾಡ್ದನ ಸಿಕ್ಕಿತು. ರಾಮಕ್ಕ ನಮ್ಮ ಜಾತಿಯವರೇ. ಪುಸ್ತಕದ ಹೆಸರಿನಲ್ಲಿ ರಾಮಕ್ಕ “ಕಟ್ಟಿದ” ಪಾಡ್ದನ ಅಂತ ಉಂಟು. ಹಾಡಿದ ಅಂತ ಅಲ್ಲ, ಹೇಳಿದ ಅಂತ ಅಲ್ಲ, ಕಟ್ಟಿದ. ಮನೆ ಕಟ್ಟಿದ ಹಾಗೆ. ಆ ಒಂದು ಶಬ್ದ ನೋಡಿ ಎಷ್ಟೋ ಹೊತ್ತು ಪುಟ ತಿರುಗಿಸಲಿಲ್ಲ. ಇದೇ ಸಿರಿಯ ಕಥೆಯನ್ನು 1990ರಲ್ಲಿ ಮಾಚಾರಿನ ಗೋಪಾಲ ನಾಯ್ಕರು ಹಾಡಿದ್ದನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ರೆಕಾರ್ಡು ಮಾಡಿದರು. 15,683 ಸಾಲು. ಓದು ಬರಹದವರು ಸಂಪುಟ ಮಾಡಿದ ಮೇಲೆ ಅದನ್ನು ಮಹಾಕಾವ್ಯ ಅಂತ ಲೋಕ ಕರೆಯಿತು. ಗದ್ದೆಯಲ್ಲಿ ಇದ್ದಾಗ ಅದಕ್ಕೆ ಇದ್ದ ಹೆಸರು “ಕೆಲಸದ ಹೆಂಗಸರ ಹಾಡು”.

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರ್ತೇನೆ. ಅವನ ಮನಸ್ಸಿನಲ್ಲಿ ಇರುವುದು ನನಗೆ ಅರ್ಥ ಆಗ್ತದೆ. ನಾವೆಲ್ಲ ದಲಿತ ಸಂಘರ್ಷ ಸಮಿತಿಯ ಹಾಡು ಕೇಳಿ ಬೆಳೆದವರು. ತಮಟೆ ಹಿಡಿದು ರಾತ್ರಿಯಿಡೀ ಹಾಡಿದವರು ಯಾರೂ ದುಡ್ಡು ಕೇಳಲಿಲ್ಲ. ಊಟ ಸಿಕ್ಕಿದರೆ ಊಟ, ಇಲ್ಲದಿದ್ದರೆ ಚಾ. ಚಳವಳಿಯಲ್ಲಿ ಹಾಡಿಗೆ, ಕಥೆಗೆ ರೇಟು ಹಾಕಿದರೆ ಅದು ವ್ಯಾಪಾರ ಆಗ್ತದೆ ಎಂಬ ಹೆದರಿಕೆ. ಸರಿಯಾದ ಹೆದರಿಕೆಯೇ. ಆದರೆ ಆ ಕಾರ್ಯಕ್ರಮದ ಖರ್ಚಿನ ಪಟ್ಟಿ ಒಮ್ಮೆ ನೋಡುವ. ಮೈಕಿನವನಿಗೆ ದುಡ್ಡು. ಶಾಮಿಯಾನದವನಿಗೆ ದುಡ್ಡು. ಫ್ಲೆಕ್ಸಿಗೆ ದುಡ್ಡು. ಊಟದ ಕೇಟರಿಂಗಿಗೆ ದುಡ್ಡು. ಅವರಲ್ಲಿ ಯಾರಿಗಾದರೂ “ಮೈಕ್ ಇಡ್ಲಿಕ್ಕೂ ದುಡ್ಡಾ ಅಣ್ಣ?” ಅಂತ ಕೇಳ್ತೇವಾ? ಇಲ್ಲ. ಮೈಕಿಗೆ ಬಾಡಿಗೆ ಉಂಟು, ಮೈಕಿನ ಎದುರು ಮಾತಾಡುವವಳಿಗೆ ಶಾಲು.

ಬೆಂಗಳೂರಿನಲ್ಲಿ ಹೀಗೆ ಇಲ್ಲ. ಅಲ್ಲಿ ಗೀತಾ ರಾಮಾನುಜಂ ಅವರು 1998ರಲ್ಲೇ ಕಥಾಲಯ ಅಂತ ಸಂಸ್ಥೆ ಶುರು ಮಾಡಿ, ಕಥೆ ಹೇಳುವುದನ್ನು ಕಲಿಸ್ಲಿಕ್ಕೆ ಕೋರ್ಸ್ ಇಟ್ಟಿದ್ದಾರೆ. ಅಲ್ಲಿ ಕಲಿತವರು ಶಾಲೆಗೆ, ಕಂಪೆನಿಗೆ ಹೋಗಿ ಕಥೆ ಹೇಳ್ತಾರೆ, ಶುಲ್ಕ ತೆಗೆದುಕೊಳ್ತಾರೆ. ಯಾರಿಗೂ ಆಶ್ಚರ್ಯ ಇಲ್ಲ. ಬ್ಯಾಂಕಿನಿಂದ, ಐ.ಟಿ.ಯಿಂದ ನಿವೃತ್ತರಾದವರು ಇದನ್ನು ಎರಡನೇ ವೃತ್ತಿ ಅಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನಗೂ ಸಂತೋಷವೇ. ಆದರೆ ಕಡಬದ ಮುಗೇರ ಹೆಂಗಸು ಅದೇ ಮಾತು ಹೇಳಿದರೆ “ದುಡ್ಡಾ ಅಕ್ಕ?” ಯಾಕೆ? ನಮ್ಮ ಹತ್ತಿರ ಇರುವುದು ವಿದ್ಯೆ ಅಂತ ನಮಗೇ ಇನ್ನೂ ಅನ್ನಿಸಿಲ್ಲ. ಅದು ನಮ್ಮ ಮೈಯಲ್ಲೇ ಹುಟ್ಟಿ ಬಂದದ್ದು, ತೆಂಗಿನ ಮಡಲಿನ ಹಾಗೆ ತನ್ನಷ್ಟಕ್ಕೆ ಬೀಳುವುದು, ಬೇಕಾದವರು ಎಳ್ಕೊಂಡು ಹೋಗಬಹುದು ಅಂತ.

ಕಥೆಯಿಂದ ಹೊಟ್ಟೆ ಹೊರೆಯುವುದು ನಮ್ಮ ಜನಕ್ಕೆ ಹೊಸತೂ ಅಲ್ಲ. ಬಳ್ಳಾರಿ ಕಡೆಯ ದರೋಜಿ ಈರಮ್ಮ ಬುಡ್ಗ ಜಂಗಮರು, ಪರಿಶಿಷ್ಟ ಜಾತಿಯ ಅಲೆಮಾರಿ. ಬುರ್ರಕಥೆ ಹೇಳ್ತಾ ಊರೂರು ತಿರುಗಿದವರು. ಹಂಪಿ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು, 2014ರಲ್ಲಿ ತೀರಿಕೊಂಡರು. ಚಾಮರಾಜನಗರ ಕಡೆ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು ಇದ್ದಾರೆ. ಮಾದಿಗರ ಮನೆ ಬಾಗಿಲಿಗೆ ಬಂದು ಜಾಂಬಪುರಾಣ ಹೇಳುವ ದಕ್ಕಲರು ಇದ್ದಾರೆ. ಅವರನ್ನು ಮಾದಿಗರೇ ಮುಟ್ಟಿಸಿಕೊಳ್ಳದೆ ಇಟ್ಟ ಕಥೆ ಕೆ.ಬಿ. ಸಿದ್ದಯ್ಯನವರ ‘ದಕ್ಲಕಥಾದೇವಿ’ಯಿಂದ ನಮಗೆಲ್ಲ ಗೊತ್ತಾಯ್ತು. ಲಕ್ಷ್ಮಣ್ ಕೆ.ಪಿ. ಅವರು ಮಾಡಿಸಿದ ನಾಟಕವನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ.

ಆದರೆ ಅದು ಕುಲಕಸುಬು. ಕುಲಕಸುಬು ಮತ್ತು ವೃತ್ತಿ ಎರಡೂ ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1936ರಲ್ಲಿ ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲಿ ಬರೆದದ್ದು ಇದನ್ನೇ. ಜಾತಿ ಕೆಲಸವನ್ನು ಮಾತ್ರ ಹಂಚುವುದಿಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಹಂಚಿ ಒಬ್ಬರ ಕೆಳಗೆ ಒಬ್ಬರನ್ನು ಇಡ್ತದೆ. ಕುಲಕಸುಬಿನಲ್ಲಿ ಎಷ್ಟು ಕೊಡಬೇಕು ಅಂತ ಕೇಳುವವನು ತೀರ್ಮಾನ ಮಾಡ್ತಾನೆ. ಯಾವ ಕಥೆ, ಎಲ್ಲಿ ನಿಂತು ಹೇಳಬೇಕು ಅಂತಲೂ ಅವನೇ. ನನ್ನ ಮಟ್ಟಿಗೆ ವೃತ್ತಿ ಅಂದರೆ ಇಷ್ಟೇ: ದರ ನಾನು ಹೇಳುವುದು, ಕಥೆ ನಾನು ಆರಿಸುವುದು, ಬೇಡ ಅನ್ನಿಸಿದರೆ ಬರುವುದಿಲ್ಲ ಅನ್ನುವುದು.

ಈ ಮೂರನೆಯದ್ದು ಸುಲಭ ಇಲ್ಲ ಮಾರ್ರೆ. ಕಳೆದ ವರ್ಷ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದರು. ಊರು, ಹೆಸರು ಬೇಡ. ಕೊರಗಜ್ಜನ ಕಥೆ ಹೇಳಬೇಕು ಅಂದರು. ಈಗ ಕೊರಗಜ್ಜ ಅಂದರೆ ಎಲ್ಲ ಕಡೆ ಭಕ್ತಿ. ಕಟ್ಟೆ, ಕೋಲ, ಕ್ಯಾಸೆಟ್ಟು, ಕಾರಿನ ಹಿಂದೆ ಸ್ಟಿಕ್ಕರ್. ‘ಕಾಂತಾರ’ ಬಂದ ಮೇಲೆ ದೈವದ ಕಥೆಗಳಿಗೆ ಇನ್ನೂ ಬೇಡಿಕೆ. ಕಥೆ ನಿಮಗೆ ಗೊತ್ತು. ಕೊರಗ ತನಿಯನನ್ನು ಕಳ್ಳು ಮಾರುವ ಮೈರಕ್ಕೆ ಬೈದೆತಿ ಸಾಕ್ತಾಳೆ. ದೈವಸ್ಥಾನಕ್ಕೆ ಸಲ್ಲಬೇಕಾದ ಹೊರೆಯನ್ನು ಏಳು ಜನ ಹೊರುವಷ್ಟನ್ನು ಒಬ್ಬನೇ ಹೊತ್ತು ತರ್ತಾನೆ. ಹೊರೆ ಒಳಗೆ ಹೋಗ್ತದೆ, ಹೊತ್ತವನು ಹೊರಗೆ. ಸಾಕಿದ ಅಮ್ಮನಿಗೆ ಉಪ್ಪಿನಕಾಯಿಗೆ ಆಗ್ತದೆ ಅಂತ ಮಾದಳದ ಕಾಯಿ ಕೊಯ್ಯಲಿಕ್ಕೆ ಕೈ ಎತ್ತಿದವನು ಮಾಯ ಆಗ್ತಾನೆ.

“ಪವಾಡ ಎಲ್ಲ ಹೇಳಿ ಟೀಚರ್. ಆ ಬಾಗಿಲಿನ ವಿಷಯ ಮಾತ್ರ ಬೇಡ. ಸಣ್ಣ ಮಕ್ಕಳು, ಯಾಕೆ ಸುಮ್ಮನೆ ಜಾತಿ ಗೀತಿ” ಅಂದರು. ತುಂಬ ವಿನಯದಿಂದಲೇ ಹೇಳಿದ್ದು. ನಾನು ಅರ್ಧ ನಿಮಿಷ ಯೋಚನೆ ಮಾಡಿದೆ. ಎರಡು ಸಾವಿರ ಕೊಡ್ತೇವೆ ಅಂದಿದ್ದರು. ಮನೆಯಲ್ಲಿ ಗ್ಯಾಸ್ ಮುಗಿಯಲಿಕ್ಕೆ ಬಂದಿತ್ತು. ಆದರೆ ಬಾಗಿಲು ತೆಗೆದರೆ ಆ ಕಥೆಯಲ್ಲಿ ಉಳಿಯುವುದು ಎಂತ? ತನಿಯ ಯಾಕೆ ಹೊರಗೆ ನಿಂತ, ಯಾಕೆ ಮಾಯ ಆದ? ಎಲ್ಲರೂ ಕೈ ಮುಗಿಯುವ ಅದೇ ಅಜ್ಜನ ಕುಲದವರ ಕೈಯಲ್ಲಿ ಅಜಲು ಪದ್ಧತಿ ಮಾಡಿಸುವುದನ್ನು ನಿಲ್ಲಿಸಲು 2000ನೇ ಇಸವಿಯಲ್ಲಿ ರಾಜ್ಯ ಸರ್ಕಾರ ಕಾಯ್ದೆಯನ್ನೇ ತರಬೇಕಾಯ್ತು. ಬರುವುದಿಲ್ಲ ಅಂದೆ. ಆ ಶಾಲೆಯಿಂದ ಮತ್ತೆ ಫೋನ್ ಬರಲಿಲ್ಲ. ಹತ್ತಿರದ ಇನ್ನೆರಡು ಕಡೆಯಿಂದಲೂ ಬರಲಿಲ್ಲ.

ಅದರಿಂದ ನಾನೂ ಒಂದು ಕಲಿತೆ. ನಾನು ಕೊರಗಳಲ್ಲ. ಆ ಕಥೆ ಪೂರ್ತಿ ನನ್ನದು ಅಂತ ನಾನು ಹೇಳುವ ಹಾಗಿಲ್ಲ. ಈಗ ಕೊರಗ ತನಿಯನ ಕಥೆ ಬೇಕು ಅಂದವರಿಗೆ, ಕೊರಗ ಸಮುದಾಯದ ನನ್ನ ಗೆಳತಿಯನ್ನೂ ಕರೆಯಿರಿ ಅನ್ನುತ್ತೇನೆ. ಅವಳು ಶುರು ಮಾಡ್ತಾಳೆ, ನಾನು ನಡುವೆ ಸೇರಿಕೊಳ್ತೇನೆ. ಬಂದ ದುಡ್ಡು ಅರ್ಧ ಅರ್ಧ.

ಮಕ್ಕಳಿಗೆ ಇಂಥದ್ದು ಅರ್ಥ ಆಗುವುದಿಲ್ಲ ಅನ್ನುವವರಿಗೆ ನನ್ನ ಅಂಗನವಾಡಿಯ ಮೊದಲ ವರ್ಷ ಹೇಳಬೇಕು. 1989ರಲ್ಲಿ ರಿಜಿಸ್ಟರಿನಲ್ಲಿ 22 ಹೆಸರು, ಬರುವುದು ಒಂಬತ್ತು ಮಕ್ಕಳು. ಟೀಚರ್ ಯಾವ ಜಾತಿ ಅಂತ ಊರಿಗೆ ಗೊತ್ತಾಗಿತ್ತು. ನಾನು ಜಗಲಿಯಲ್ಲಿ ಕೂತು ಸ್ವಲ್ಪ ಗಟ್ಟಿಯಾಗಿಯೇ ಕಥೆ ಹೇಳ್ತಿದ್ದೆ. ನಿಧಾನಕ್ಕೆ ಉಳಿದ ಮಕ್ಕಳೂ ಬೇಲಿ ದಾಟಿ ಬಂದು ಕೂತರು. “ಟೀಚರೇ, ಕತೆ ಪಣ್ಲೆ” ಅಂತ ಪೀಡಿಸುವರು. ಕಥೆ ಮುಗಿದು ಸಜ್ಜಿಗೆ ಬಡಿಸುವ ಹೊತ್ತಿಗೆ ಮನೆಯಿಂದ ಯಾರಾದರೂ ಬಂದು ಕರ್ಕೊಂಡು ಹೋಗುವರು. ಕಥೆಗೆ ಮೈಲಿಗೆ ಇರಲಿಲ್ಲ, ಸಜ್ಜಿಗೆಗೆ ಇತ್ತು. ಒಬ್ಬ ಪುಟ್ಟ ಹುಡುಗ, ನಾಲ್ಕು ವರ್ಷ ಇರಬಹುದು, ಅಜ್ಜಿಯ ಕೈ ಹಿಡಿದುಕೊಂಡು ಹೋಗುವಾಗ ತಿರುಗಿ ತಿರುಗಿ ನೋಡುವನು. ಅವನಿಗೆ ಬಾಗಿಲು ಯಾವುದು, ಹೊರಗೆ ಯಾವುದು ಅಂತ ಅರ್ಥ ಆಗಿರಲಿಲ್ಲವಾ? ಮೂರನೇ ವರ್ಷಕ್ಕೆ ಎಲ್ಲರೂ ತಿಂದರು. ಅದಕ್ಕೆ ಕಥೆ ಒಂದೇ ಕಾರಣ ಅಲ್ಲ. ಸಂಘದವರು ಬಂದು ಮಾತಾಡಿದ್ದರು, ಕಾನೂನಿನ ಹೆದರಿಕೆಯೂ ಇತ್ತು. ಆದರೆ ಮಕ್ಕಳನ್ನು ಬೇಲಿ ದಾಟಿಸಿದ್ದು ಕಥೆ.

ಕೊನೆಗೆ ಒಂದು ಸಂಜೆಯ ಮಾತು ಹೇಳಿ ಮುಗಿಸ್ತೇನೆ. ನಮ್ಮ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಉಂಟು.

ಸುಳ್ಯದ ಒಂದು ರಬ್ಬರ್ ಕಾಲನಿಗೆ ಹೋಗಿದ್ದೆ. ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯುವ ತಮಿಳರು ಲಂಕೆಯಿಂದ ಬಂದವರು ಅಂತ ನಮಗೆಲ್ಲ ಗೊತ್ತು. ಅವರ ಹಿರಿಯರನ್ನು ಬ್ರಿಟಿಷರು ಚಹಾ ತೋಟಕ್ಕೆ ಅಂತ ಅಲ್ಲಿಗೆ ಕರ್ಕೊಂಡು ಹೋದರು. 1964ರ ಸಿರಿಮಾ–ಶಾಸ್ತ್ರಿ ಒಪ್ಪಂದ ಆದ ಮೇಲೆ ಇಲ್ಲಿಗೆ ಕಳಿಸಿದರು. ಹೆಚ್ಚಿನವರು ದಲಿತರೇ. ಇಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅವರು ಅಲೆದದ್ದು ನಿಮಗೆ ಗೊತ್ತಿರುವ ವಿಷಯ. ಮಕ್ಕಳು ಮನೆಯಲ್ಲಿ ತಮಿಳು, ದಾರಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ.

ನಾನು ಕಲ್ಕುಡನ ಕಥೆ ಹೇಳಿದೆ. ಕಾರ್ಕಳದಲ್ಲಿ ಗೊಮ್ಮಟನನ್ನು ಕೆತ್ತಿದವನಿಗೆ ಅರಸು ಕೊಟ್ಟ ಸಂಬಳ, ಎಡಗೈ ಬಲಗಾಲು ಕಡಿದದ್ದು. ಇಂಥ ಮೂರ್ತಿ ಇನ್ನೊಂದು ಕಡೆ ಆಗಬಾರದು ಅಂತ. ತಂಗಿ ಕಲ್ಲುರ್ಟಿ ಅದನ್ನು ಕೇಳ್ಲಿಕ್ಕೆ ಹೊರಟದ್ದು. ಒಬ್ಬಳು ಹುಡುಗಿ ಎದ್ದು “ಅವನ ಪೇಮೆಂಟ್ ಕೊಡ್ಲೇ ಇಲ್ವಾ?” ಅಂತ ಕೇಳಿದಳು. ರಬ್ಬರ್ ಹಾಲಿನ ತೂಕ, ವಾರದ ಲೆಕ್ಕ ನೋಡಿ ಬೆಳೆದ ಮಗು.

ಕಥೆ ಮುಗಿದಾಗ ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬರು ಪಾಟಿ, ಎಪ್ಪತ್ತು ದಾಟಿದವರು, ತಾನೂ ಹೇಳ್ತೇನೆ ಅಂದರು. ತಮಿಳಿನಲ್ಲೇ ಹೇಳಿದರು, ಮೊಮ್ಮಕ್ಕಳು ನನಗೆ ಕನ್ನಡ ಮಾಡಿ ಹೇಳಿದರು. ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರಕ್ಕೆ ಬಂದದ್ದು. ಪಾಟಿಯ ಅಮ್ಮ ಸೀರೆಯಲ್ಲಿ ಏನೋ ಸುತ್ತಿ ಎದೆಗೆ ಒತ್ತಿ ಹಿಡಿದುಕೊಂಡಿದ್ದಳಂತೆ. ಆಫೀಸರು ಚಿನ್ನ ಇರಬೇಕು ಅಂತ ಬಿಚ್ಚಿಸಿದ. ನೋಡಿದರೆ ಮಸಾಲೆ ಅರೆಯುವ ಗುಂಡುಕಲ್ಲು. ಕೆಳಗಿನ ದೊಡ್ಡ ಕಲ್ಲು ತರ್ಲಿಕ್ಕೆ ಆಗಲಿಲ್ಲ, ಮೇಲಿನದ್ದು ಮಾತ್ರ ತಂದಳು, ಹೋದ ಊರಿನಲ್ಲಿ ಕೆಳಗಿನ ಕಲ್ಲು ಸಿಕ್ಕಿಯೇ ಸಿಗ್ತದೆ ಅಂತ. ಮಕ್ಕಳಿಗೆ ನಗು. “ಆ ಕಲ್ಲು ಈಗ ಎಲ್ಲಿ?” ಅಂದರೆ ಪಾಟಿ ಮನೆ ಕಡೆ ಕೈ ತೋರಿಸಿದರು. ಇಪ್ಪತ್ತು ಮಕ್ಕಳು ಒಟ್ಟಿಗೆ ಎದ್ದು ನೋಡ್ಲಿಕ್ಕೆ ಓಡಿದರು.

ಆ ದಿನ ನನಗೆ 1500 ಕೊಟ್ಟಿದ್ದರು. ಅದರಲ್ಲಿ ನೂರರ ಐದು ನೋಟು ತೆಗೆದು ಪಾಟಿಯ ಕೈಯಲ್ಲಿಟ್ಟೆ.

“ಇದು ಯಾವುದಕ್ಕೆ?”

“ಕಥೆಗೆ.”

“ಕಥೆಗಾ?” ಅಂತ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಬೇಡ ಬೇಡ ಅಂದರು. ಹೇಳಿದ್ದಕ್ಕೆ ಕೂಲಿ, ದಾನ ಅಲ್ಲ ಅಂತ ಮೊಮ್ಮಗಳ ಹತ್ತಿರ ತಮಿಳಿನಲ್ಲಿ ಹೇಳಿಸಿದೆ. ಆಗ ನಗು ನಿಂತಿತು. ನೋಟುಗಳನ್ನು ದೀಪದ ಹತ್ತಿರ ಹಿಡಿದು ಒಂದೊಂದೇ ಎಣಿಸಿದರು. ಒಂದು ನೋಟು ಮೂಲೆಯಲ್ಲಿ ಹರಿದಿತ್ತು. ಅದನ್ನು ಬೇರೆ ತೆಗೆದು ನನ್ನ ಕಡೆ ನೀಡಿ, “ಇದು ನಡೆಯುದಿಲ್ಲ, ಬೇರೆ ಕೊಡು” ಅಂದರು. ಕನ್ನಡದಲ್ಲೇ.

ಬೇರೆ ಕೊಟ್ಟೆ. ನನಗೆ ಆ ಹೊತ್ತಿನಲ್ಲಿ ಆದ ಸಂತೋಷವನ್ನು ಹೇಗೆ ಬರೆಯುವುದು ಅಂತ ಗೊತ್ತಾಗುವುದಿಲ್ಲ. ದಾನ ಸಿಕ್ಕಿದವರು ಹರಿದ ನೋಟು ಬದಲಿಸಿ ಕೊಡು ಅಂತ ಕೇಳುವುದಿಲ್ಲ. ಕೂಲಿ ಸಿಕ್ಕಿದವರು ಕೇಳ್ತಾರೆ. ನನ್ನ ಅಪ್ಪೆಗೆ ಒಂದು ದಿನ ಯಾರಾದರೂ ಹಾಗೆ ಒಂದು ಸೇರು ಅಕ್ಕಿ ಹೆಚ್ಚು ಅಳೆದು, ಇದು ನಿನ್ನ ಪಾಡ್ದನಕ್ಕೆ ಅಂದಿದ್ದರೆ, ಅವಳು ಆ ದಾರಿ ಬದಿಯ ಗದ್ದೆಯಲ್ಲಿ ನನ್ನ ಮಾತು ಕೇಳಿ ಸುಮ್ಮನಾಗುತ್ತಿರಲಿಲ್ಲವೋ ಏನೋ. ನಾನೇ ಹಾಗೆ ಹೇಳುತ್ತಿರಲಿಲ್ಲವೋ ಏನೋ.

ಹಾಗಾಗಿ ನನ್ನ ಲೆಕ್ಕ ಇಲ್ಲಿ ಬಹಿರಂಗವಾಗಿ ಬರೆದಿಡ್ತೇನೆ. ಧರಣಿ, ಜಾಥಾ, ನಮ್ಮವರಿಗೆ ಅನ್ಯಾಯ ಆದ ಕಡೆ ನಾನು ಯಾವಾಗಲೂ ಬರ್ತೇನೆ, ಅಲ್ಲಿ ದುಡ್ಡಿನ ಮಾತೇ ಇಲ್ಲ. ಅಂಗನವಾಡಿ, ಸರ್ಕಾರಿ ಶಾಲೆ, ಹಾಸ್ಟೆಲಿನವರು ಬಸ್ಸಿನ ಖರ್ಚು ಕೊಟ್ಟರೆ ಸಾಕು. ಮೈಕಿಗೆ, ಶಾಮಿಯಾನಕ್ಕೆ ಬಜೆಟ್ ಇರುವ ಕಾರ್ಯಕ್ರಮ ಆದರೆ ಕಥೆಗೂ ಬಜೆಟ್ ಇರಬೇಕು. ಕಥೆಯಲ್ಲಿ ಬಾಗಿಲು ಕತ್ತರಿಸ್ಲಿಕ್ಕೆ ಇಲ್ಲ. ನನ್ನನ್ನು ಕರೆಯುವ ಮೊದಲು ನಿಮ್ಮ ಊರಿನಲ್ಲೇ ಹಾಡುವ, ಹೇಳುವ ಅಜ್ಜಿ ಅಜ್ಜ ಇದ್ದಾರಾ ಅಂತ ನೋಡಿ, ಅವರನ್ನು ಕರೆಯಿರಿ, ಅವರ ಹೆಸರು ಫ್ಲೆಕ್ಸಿನಲ್ಲಿ ಹಾಕಿಸಿ, ಕೈಯಲ್ಲಿ ದುಡ್ಡು ಕೊಡಿ. ಮನೆಯಲ್ಲೇ ಇದ್ದರೆ ಇವತ್ತು ರಾತ್ರಿ ಕೂತು ಮೊಬೈಲಿನಲ್ಲಿ ರೆಕಾರ್ಡು ಮಾಡಿ. ನನ್ನ ಹಾಗೆ ತುಂಡು ಜೋಡಿಸುವ ಕೆಲಸ ನಿಮಗೆ ಬೇಡ.

ಆಮೇಲೆ ಮಾತಾಡುವ ಅಂದಿದ್ದೆ ಅಲ್ವಾ ಮಗಾ, ಇದೇ ಆ ಮಾತು. 14ಕ್ಕೆ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಬರ್ತೇನೆ. ಆ ರಬ್ಬರ್ ಕಾಲನಿಯ ಪಾಟಿಯನ್ನೂ ಕರ್ಕೊಂಡು ಬರುವ ಅಂತ ಉಂಟು, ಒಂದು ಆಟೋ ಕಳಿಸು. ಎರಡು ಸಾವಿರ ಇಬ್ಬರಿಗೂ ಸೇರಿ. ನೋಟು ಹರಿದದ್ದು ಇರಬಾರದು, ಪಾಟಿ ಬಿಡುವುದಿಲ್ಲ. ಶಾಲು ಬೇಡ, ಮನೆಯಲ್ಲಿ ಇಡ್ಲಿಕ್ಕೆ ಜಾಗ ಇಲ್ಲ.

ಜೈ ಭೀಮ್.